ಉಸ್ತಾದರ ದನಿಯಲ್ಲಿ ನಾನು ಕೊಟ್ಟ ಮಾತು

ಮೂವತ್ನಾಲ್ಕನೆಯ ವಯಸ್ಸಿಗೆ ನಾನು ನಿವೃತ್ತನಾದೆ. ಹೀಗೆಂದರೆ ನಮ್ಮ ಓಣಿಯವರು ನಗುತ್ತಾರೆ. ನಗಲಿ, ಹದಿನಾರು ವರ್ಷ ಅವರೆಲ್ಲರ ದನಿ ತೆಗೆದು, ನಕಲು ಮಾಡಿ ನಕ್ಕವನು ನಾನು. ಟಿ.ವಿ. ರಿಪೇರಿ ಎಂಬ ಕಸುಬೇ ನನಗಿಂತ ಮೊದಲು ನಿವೃತ್ತವಾಗಿತ್ತು. ಅದರ ಹಿಂದೆ ನಾನೂ ಬಾಗಿಲು ಹಾಕಿಕೊಂಡು ಹೊರಬಿದ್ದೆ. ಶಾಲು, ಹಾರ, ಬೀಳ್ಕೊಡುಗೆ ಯಾವುದೂ ಇರಲಿಲ್ಲ. ಸಮಾರಂಭ ನಡೆದಿದ್ದರೆ ಅಧ್ಯಕ್ಷರು, ಮುಖ್ಯ ಅತಿಥಿಗಳು ಏನು ಮಾತಾಡುತ್ತಿದ್ದರೋ ಅದನ್ನೆಲ್ಲ ಅವರವರ ದನಿಯಲ್ಲಿ ನಾನೇ ಮಾತಾಡಿ, ಕೊನೆಗೆ ವಂದನಾರ್ಪಣೆಯನ್ನೂ ಮಾಡಿಕೊಂಡೆ. ಈಗ ಮದುವೆ, ಸೀಮಂತಗಳಲ್ಲಿ ಮೈಕು ಹಿಡಿದು ಜನರನ್ನು ನಗಿಸುತ್ತೇನೆ. ಅದು ಕೆಲಸವಲ್ಲ, ಅಭ್ಯಾಸ.

ಐ.ಟಿ.ಐ. ಮುಗಿಸಿದ ಇಬ್ಬರು ಹುಡುಗರು ಮೊನ್ನೆ ಬಂದು, "ಅಣ್ಣಾ, ರಿಪೇರಿ ಲೈನಿಗೆ ಬರಬೇಕಂತ ಮಾಡೀವಿ, ಏನರ ಹೇಳು" ಎಂದರು. ಬಾಯಿಂದ ಹೇಳಿದರೆ ನಡುವೆ ಯಾರದಾದರೂ ದನಿ ತೆಗೆದುಬಿಡುತ್ತೇನೆ. ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಅಂಗಡಿ ಇದ್ದದ್ದು ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಸಮೀಪ. ಮಾಲೀಕರು ಲಾಲಸಾಬ ಉಸ್ತಾದರು. ರೈಲು ಹೋದಾಗ ರ‍್ಯಾಕಿನ ಮೇಲಿನ ಟಿ.ವಿ.ಗಳೆಲ್ಲ ಗಡಗಡ ನಡುಗುತ್ತಿದ್ದವು. ಒಳಗೆ ಎಲ್ಲೋ ತಂತಿ ಸಡಿಲಾಗಿ ಕೆಟ್ಟ ಸೆಟ್ಟು ಆ ನಡುಕಕ್ಕೆ ತಾನಾಗಿಯೇ ಸರಿಯಾಗಿ ಚಿತ್ರ ತೋರಿಸುತ್ತಿತ್ತು. ಆ ಹೊತ್ತಿಗೇ ಗಿರಾಕಿ ಬಂದರೆ, "ರಿಪೇರಿ ಆಗೇತಲ್ಲ, ಕೊಡ್ರಿ" ಎಂದು ಎತ್ತಿಕೊಂಡು ಹೋಗಿ, ಸಂಜೆಗೆ ತಿರುಗಿ ತರುತ್ತಿದ್ದ. "ನಿಮ್ಮ ಮನಿ ಮುಂದ ರೈಲು ಹಾಯ್ತೈತೇನ್ರಿ?" ಎಂದು ನಾನು ಕೇಳಿದರೆ ಉಸ್ತಾದರು ನನ್ನ ಕಡೆ ಸ್ಕ್ರೂಡ್ರೈವರ್ ತೋರಿಸುತ್ತಿದ್ದರು. ಅವರು ನನಗೆ ಇಟ್ಟ ಹೆಸರು ಗಿಣಿ.

ನನ್ನ ಈ ದನಿಯ ಚಟ ಕೆಲಸಕ್ಕೆ ಬಂದದ್ದು ಒಂದೇ ಕಡೆ. ಗಿರಾಕಿಗಳು ಫೋನಿನಲ್ಲೋ ಅಂಗಡಿಗೆ ಬಂದೋ "ಟಿ.ವಿ. ಸಪ್ಪಳ ಮಾಡತೈತಿ" ಎನ್ನುತ್ತಿದ್ದರು. ಎಂಥ ಸಪ್ಪಳ? ಅದನ್ನು ಅವರ ಬಾಯಿಂದಲೇ ಮಾಡಿಸುತ್ತಿದ್ದೆ. ಸಾರವಾಡದ ಒಬ್ಬ ದೊಡ್ಡ ಮೀಸೆಯ ಗೌಡರು ಅಂಗಡಿಯ ನಡುವೆ ನಿಂತು, ಎದೆ ಸೆಟೆಸಿ, "ಕಿರ‍್ರ್... ಕಿರ‍್ರ್..." ಎಂದರು. "ಇನ್ನೊಮ್ಮೆ ಮಾಡ್ರಿ ಗೌಡ್ರ, ಸ್ವಲ್ಪ ಸಣ್ಣ ದನಿಯೊಳಗ" ಎಂದೆ. ಮಾಡಿದರು. ಮೂರನೆಯ ಸಲ ಕೇಳಿದಾಗ ಅವರಿಗೆ ಅನುಮಾನ ಬಂತು. ಆದರೆ ನಿಜವಾಗಿಯೂ ಆ ಸಪ್ಪಳದಿಂದ ಕೆಟ್ಟ ಭಾಗ ಯಾವುದೆಂದು ತಿಳಿಯುತ್ತಿತ್ತು. ಕಿರ‍್ರ್ ಎಂದರೆ ಒಂದು, ಚಟ್‌ಚಟ್ ಎಂದರೆ ಇನ್ನೊಂದು. ದೇವಸ್ಥಾನದಲ್ಲಿ ಕಣ್ಣು ಮುಚ್ಚಿ ಕೂತ ಅಜ್ಜನ ಹಾಗೆ ಎಡೆಬಿಡದೆ "ಹೂಂ..." ಎಂದರೆ ಅದು ಕೆಪ್ಯಾಸಿಟರ್.

ಕೆಪ್ಯಾಸಿಟರ್ ಅಂದರೆ ಏನೆಂದು ಹೊಸ ಹುಡುಗರಿಗೆ ಪುಸ್ತಕ ಹೇಳಿರುತ್ತದೆ. ನಾನು ಹೇಳುವುದು ಇಷ್ಟೆ: ನಮ್ಮೂರಿನ ನಳದಲ್ಲಿ ನೀರು ಬಂದಾಗ ಭರಭರ ಬರುತ್ತದೆ, ನಿಂತರೆ ನಿಂತೇ ಹೋಗುತ್ತದೆ. ಮಾಳಿಗೆಯ ಮೇಲೆ ಟಾಕಿ ಇದ್ದರೆ ಮನೆಯೊಳಗೆ ಒಂದೇ ಸಮ ಬರುತ್ತದೆ. ಸೆಟ್ಟಿನೊಳಗೆ ಕರೆಂಟಿಗೆ ಅಂಥ ಟಾಕಿಯೇ ಕೆಪ್ಯಾಸಿಟರ್. ವರ್ಷಗಳು ಕಳೆದಂತೆ ಅದರೊಳಗಿನ ಹಸಿ ಒಣಗುತ್ತದೆ. ಆಗ ದನಿ ಹೂಂಗುಟ್ಟುತ್ತದೆ, ಚಿತ್ರ ಹಾವಿನಂತೆ ಹೊಯ್ದಾಡುತ್ತದೆ.

ಟಾಕಿ ಎಂದೆನಲ್ಲ, ಸ್ವಿಚ್ಚು ಆರಿಸಿದ ಮೇಲೂ ಅದರಲ್ಲಿ ನೀರು ಇರುತ್ತದೆ. ಇದು ನನಗೆ ತಿಳಿದದ್ದು ಕೆಲಸಕ್ಕೆ ಸೇರಿದ ಎರಡನೆಯ ವಾರ. ಪ್ಲಗ್ಗು ಕಿತ್ತಿದ್ದೇನೆಂಬ ಧೈರ್ಯದಲ್ಲಿ ಕೈ ಹಾಕಿದೆ. ಮುಂದಿನ ಕ್ಷಣ ಬೆಂಚಿನ ಮೇಲೆ ಕೂತಿದ್ದ ಗಿರಾಕಿಯ ತೊಡೆಯ ಮೇಲಿದ್ದೆ. ಆತ ಪಾಪ, "ತಮ್ಮಾ, ಜಾಗಾ ಬೇಕಿದ್ರ ಹೇಳಬಾರದೇನು, ಸರೀತಿದ್ನಿ" ಎಂದ. ಉಸ್ತಾದರು ನಗಲಿಲ್ಲ. ನನ್ನ ಕೈ ಹಿಡಿದು ನೋಡಿ, ನೀರು ಕುಡಿಸಿ, ಅದೇ ಸೆಟ್ಟಿನ ಮುಂದೆ ಮತ್ತೆ ಕೂರಿಸಿದರು. ಅಂದು ಮನೆಗೆ ಕಳಿಸಿದ್ದರೆ ನಾನು ತಿರುಗಿ ಬರುತ್ತಿರಲಿಲ್ಲ.

ಆಮೇಲೆ ತೆಳ್ಳಗಿನ ಟಿ.ವಿ.ಗಳು ಬಂದವು. ಅವುಗಳಲ್ಲಿ ಕೆಟ್ಟದ್ದನ್ನು ಹುಡುಕುವುದಿಲ್ಲ, ಇಡೀ ಬೋರ್ಡು ಬದಲಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ "ಪ್ಯಾನಲ್ ಹೋಗೇತ್ರಿ" ಎಂದು ಹೇಳುತ್ತಾರೆ. ನಾಲ್ಕು ವರ್ಷ ನಾನೂ ಆ ಮಾತು ಹೇಳಿ ಹೊಟ್ಟೆ ಹೊರೆದೆ. ಉಸ್ತಾದರಿಗೆ ಅದು ಹಿಡಿಸಲಿಲ್ಲ. ಕೈಯೂ ನಡುಗತೊಡಗಿತ್ತು. ರಂಜಾನ್ ಬರುವುದರೊಳಗೆ ಅಂಗಡಿ ಬಿಡುತ್ತೇನೆ ಎಂದು ನಿರ್ಧರಿಸಿದರು. ನನ್ನ ದೊಡ್ಡ ತಪ್ಪು ನಡೆದದ್ದು ಆ ಕೊನೆಯ ತಿಂಗಳಲ್ಲಿ.

ಉಸ್ತಾದರ ಒಂದು ಪದ್ಧತಿ ಹೇಳಬೇಕು. ಸೆಟ್ಟು ಬಿಚ್ಚಿ ನೋಡದೆ ಅವರು ಯಾರಿಗೂ "ಆಕ್ಕೈತಿ", ಅಂದರೆ ರಿಪೇರಿ ಆಗುತ್ತದೆ, ಎಂದವರಲ್ಲ. ಬರೀ "ನೋಡೂನು" ಎನ್ನುತ್ತಿದ್ದರು. ಬಂದವರು ಎಷ್ಟೇ ಒತ್ತಾಯಿಸಲಿ, ಪುಢಾರಿಯಾಗಲಿ, ಪೋಲೀಸನಾಗಲಿ, ಅದೇ ಒಂದು ಮಾತು. ಬಿಚ್ಚಿ ನೋಡಿದ ಮೇಲೆ "ಆಕ್ಕೈತಿ" ಎಂದರೋ, ಆಯಿತೆಂದೇ ಲೆಕ್ಕ. ಆದ್ದರಿಂದ ಅವರ ಬಾಯಿಯ ಆ ಮಾತಿಗೆ ಊರಲ್ಲಿ ಬೆಲೆ ಇತ್ತು.

ಒಂದು ಶುಕ್ರವಾರ ಅವರು ನಮಾಜಿಗೆ ಹೋಗಿದ್ದಾಗ ಅಂಗಡಿಯ ಫೋನು ರಿಂಗಾಯಿತು. ನಾನು ಎತ್ತಿ, ರೂಢಿಯಂತೆ ಉಸ್ತಾದರ ದನಿಯಲ್ಲಿ, ಗಂಟಲು ಕೆಮ್ಮಿ, "ಬೋಲಿಯೇ, ಹೇಳ್ರಿ" ಎಂದೆ.

ಆ ಕಡೆ ಒಬ್ಬ ಹೆಂಗಸು. "ಲಾಲಸಾಬ ಉಸ್ತಾದರೇನ್ರಿ? ನಾ ಬಬಲೇಶ್ವರದ ಗುರುಬಾಯಿ, ದವಾಖಾನಿ ನರ್ಸ್ ಇದ್ದೆ. ನನ್ನ ಕಡೆ ಹಳೇ ಕಪ್ಪು-ಬಿಳುಪು ಟಿ.ವಿ. ಐತಿ. ಕಟಗಿ ಪೆಟ್ಟಿಗಿ, ಮುಂದ ಜಾರೂ ಬಾಗಲಾ. ಹಚ್ಚಿದ್ರ ಹೂಂ ಅಂತೈತಿ, ಚಿತ್ರ ಕುಣಿತಾವು."

ನಾನು ಸುಮ್ಮನಿರಬಹುದಿತ್ತು. "ಹೊಸಾದು ತಗೋರಿ ಅಕ್ಕಾರ" ಎಂದೆ, ಅದೇ ದನಿಯಲ್ಲಿ.

"ಕಣ್ಣಿನ ಆಪರೇಶನ್ ಆಗೇತ್ರಿ. ಬಣ್ಣದ್ದು ನೋಡಿದ್ರ ಕಣ್ಣಾಗ ಚುಚ್ಚಿದಂಗ ಆಗ್ತೈತಿ. ಮೂರು ಅಂಗಡಿ ತಿರುಗೀನಿ, ಮೂರೂ ಕಡೆ ನಕ್ಕಾರ. ನೀವು ಆಕ್ಕೈತಿ ಅಂದ್ರ ತರತೀನಿ. ಇಲ್ಲಂದ್ರ ಈಗಽ ಇಲ್ಲ ಅಂದುಬಿಡ್ರಿ, ನನಗ ತಿರುಗಾಕ ತ್ರಾಣ ಇಲ್ಲ."

ಉಸ್ತಾದರಾಗಿದ್ದರೆ "ನೋಡೂನು" ಎನ್ನುತ್ತಿದ್ದರು. ನಾನು ಉಸ್ತಾದನಲ್ಲ, ಗಿಣಿ. ದನಿ ಚೆನ್ನಾಗಿ ಬರುತ್ತಿತ್ತು, ಆ ಹುರುಪಿನಲ್ಲಿ, "ಆಕ್ಕೈತ್ರಿ ಅಕ್ಕಾರ, ತರ್ರಿ" ಎಂದು ಫೋನಿಟ್ಟೆ. ಮುದುಕಿ ಎಲ್ಲಿ ಬರುತ್ತಾಳೆ ಎಂದು ಮರೆತೂಬಿಟ್ಟೆ.

ಮರುದಿನ ಬೆಳಿಗ್ಗೆ ಅಂಗಡಿಯ ಮುಂದೆ ಟಂಟಂ ಆಟೋ ಬಂದು ನಿಂತಿತು. ಗೋಣಿಚೀಲ ಸುತ್ತಿದ ಟಿ.ವಿ.ಯ ಪಕ್ಕದಲ್ಲಿ ಕಪ್ಪು ಕನ್ನಡಕದ ಗುರುಬಾಯಿ, ಪೇಷಂಟನ್ನು ಹಿಡಿದುಕೊಂಡ ಹಾಗೆ ಅದರ ಮೇಲೆ ಕೈ ಇಟ್ಟು ಕೂತಿದ್ದರು.

"ಉಸ್ತಾದರ, ನೀವು ಆಕ್ಕೈತಿ ಅಂದ್ರಲ್ಲ, ನನ್ನ ಬಣ್ಣದ ಟಿ.ವಿ. ತಂಗಿ ಮಗಳಿಗೆ ಕೊಟ್ಟು ಬಂದೀನಿ" ಎಂದರು. "ಇನ್ನ ಮನ್ಯಾಗ ಇರೂದು ಇದೊಂದಽ."

ಉಸ್ತಾದರು ನನ್ನ ಕಡೆ ನೋಡಿದರು. ನಾನು ಮೀಟರಿನ ವೈರು ಸುತ್ತತೊಡಗಿದೆ. ಅದು ಆಗಲೇ ಸುತ್ತಿಯೇ ಇತ್ತು.

"ಎಂಟು ದಿನ ಕೊಡ್ರಿ ಅಕ್ಕಾರ" ಎಂದರು ಉಸ್ತಾದರು.

ಟಂಟಂ ಹೋದ ಮೇಲೆ ಬೈಗುಳಕ್ಕೆ ಕಾದು ನಿಂತೆ. ಅವರು ಚಹಾ ಕುಡಿದು ಮುಗಿಸಿದರು. ಆಮೇಲೆ, "ನಾ ಹೇಳಿಲ್ಲ ಅಂತ ಆಕಿ ಮುಂದ ಅನ್ನಬಹುದಿತ್ತು. ಆಕಿ ನನ್ನ ಸುಳ್ಳ ಅಂತಿದ್ಲು, ಇಲ್ಲಾಂದ್ರ ನಿನ್ನ ಕಳ್ಳ ಅಂತಿದ್ಲು. ನನಗ ಎರಡೂ ಬ್ಯಾಡಾಗಿತ್ತು" ಎಂದರು.

"ತಪ್ಪಾತ್ರಿ ಉಸ್ತಾದ."

"ದನಿ ನಂದು ತಗೊಂಡಿ. ಕೈ ನಿಂದಽ ಹಚ್ಚು. ನಾ ಈ ಸೆಟ್ ಮುಟ್ಟೂದಿಲ್ಲ. ಅಂಗಡಿ ಬಿಡೂ ಹೊತ್ತಿನ್ಯಾಗ ನನ್ನ ಮಾತು ನಿನ್ನ ಕೈಯಾಗ ಐತಿ, ಬೇಟಾ. ತಿಳೀತೇನು?"

ತಿಳಿಯಿತು. ನಾನು ಅಲ್ಲಿಯವರೆಗೆ ಕಪ್ಪು-ಬಿಳುಪು ಸೆಟ್ಟನ್ನು ಒಬ್ಬನೇ ಪೂರ್ತಿ ಬಿಚ್ಚಿದವನೂ ಅಲ್ಲ.

ಹಿಂದಿನ ಮುಚ್ಚಳ ತೆಗೆದರೆ ಧೂಳಿನ ಕೌದಿ, ಅದರಡಿ ಎರಡು ಹಲ್ಲಿಯ ಅಸ್ಥಿಪಂಜರ. ಬ್ರಷ್ಷಿನಿಂದ ಎಲ್ಲ ಬಳಿದೆ. ಕೆಪ್ಯಾಸಿಟರುಗಳ ತಲೆ ಉಬ್ಬಿ, ಬುಡದಲ್ಲಿ ಕಂದು ಅಂಟು ಒಸರಿತ್ತು. ಹನ್ನೊಂದು ಕೆಟ್ಟಿದ್ದವು. ಹಳೆಯವೆಲ್ಲ ಉದ್ದ ಕೊಳವೆಯ ನಮೂನೆಯವು, ಈಗ ಸಿಗುವುದಿಲ್ಲ. ಅಷ್ಟೇ ತಾಕತ್ತಿನ ಹೊಸ ನಮೂನೆಯವನ್ನು ಹುಡುಕಿ ತಂದೆ. ಹುರುಪಿನಲ್ಲಿ ಎಲ್ಲ ಹನ್ನೊಂದನ್ನೂ ಒಮ್ಮೆಗೇ ಕಿತ್ತು, ಒಮ್ಮೆಗೇ ಬೆಸೆದೆ.

ಇಲ್ಲಿ ಹೊಸ ಹುಡುಗರು ಗಮನ ಕೊಡಬೇಕು. ಈ ಕೆಪ್ಯಾಸಿಟರಿಗೆ ಪ್ಲಸ್ಸು, ಮೈನಸ್ಸು ಇರುತ್ತದೆ. ಹೊಸದರಲ್ಲಿ ಒಂದು ಪಟ್ಟಿ ಇರುತ್ತದೆ, ಅದು ಮೈನಸ್. ಹಳೆಯ ಕೊಳವೆಯ ಒಂದು ತುದಿಯಲ್ಲಿ ಬಳೆಯಂಥ ಗೆರೆ ಇರುತ್ತದೆ, ಅದು ಪ್ಲಸ್. ನಾನು ಪಟ್ಟಿಯನ್ನು ನೋಡಿ ಕಲಿತ ಕಾಲದವನು. ಗೆರೆ ಕಂಡಲ್ಲಿ ಪಟ್ಟಿ ಇಟ್ಟೆ. ಅಲ್ಲಿಗೆ ಕರೆಂಟಿನ ದೊಡ್ಡ ಟಾಕಿಯೇ ತಲೆಕೆಳಗಾಗಿ ಕೂತಿತು.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ರಿಪೇರಿಯಾದ ಸೆಟ್ಟಿಗೆ ನೇರ ಕರೆಂಟು ಕೊಡಬಾರದು, ನಡುವೆ ಸೀರೀಸ್ ಬಲ್ಬು ಹಾಕಬೇಕು. ಕರೆಂಟು ಬಲ್ಬಿನ ಮೂಲಕ ಹಾದು ಸೆಟ್ಟಿಗೆ ಹೋಗುತ್ತದೆ. ಒಳಗೆ ತಪ್ಪಿದ್ದರೆ ಬಲ್ಬು ಪೂರ್ತಿ ಉರಿದು ತಡೆಯುತ್ತದೆ. ಸರಿ ಇದ್ದರೆ ಒಮ್ಮೆ ಮಿಂಚಿ ಮಂಕಾಗುತ್ತದೆ. ನಮ್ಮ ಅಂಗಡಿಯ ಬಲ್ಬು ಹಿಂದಿನ ತಿಂಗಳು ಒಡೆದಿತ್ತು. ಒಡೆದವನು ನಾನೇ, ಬಸ್ ಡ್ರೈವರನ ನಕಲು ಮಾಡುತ್ತ ಗೇರ್ ಹಾಕುವಾಗ ಮೊಳಕೈ ತಾಗಿತ್ತು. ಇರಲಿ ಎಂದು ನೇರವಾಗಿ ಪ್ಲಗ್ಗು ಚುಚ್ಚಿದೆ.

ಐದು ಎಣಿಸುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಆ ಕೆಪ್ಯಾಸಿಟರ್ ಢಂ ಎಂದು ಸಿಡಿಯಿತು. ಅಂಗಡಿಯ ತುಂಬ ಕಾಗದದ ಅರಳೆ ಹಾರಾಡಿ, ಕೊಳೆತ ಮೀನಿನಂಥ ವಾಸನೆ ಹಬ್ಬಿತು. ಮೂಲೆಯಲ್ಲಿ ಕೂತಿದ್ದ ಉಸ್ತಾದರ ಗಡ್ಡದ ತುಂಬ ಬಿಳಿ ಚೂರುಗಳು. ಅವರು ಒಂದೊಂದನ್ನೇ ಆರಿಸಿ ತೆಗೆಯುತ್ತ, "ಇದು ಯಾರ ದನಿ ತಗದಿ ಗಿಣಿ?" ಎಂದರು.

ನಾನು ಓಡಿ ಹೋಗಿ ಪ್ಲಗ್ಗು ಕಿತ್ತೆ.

"ಬಲ್ಬ್ ತಂದ ಮ್ಯಾಲ ಸೆಟ್ಟಿಗೆ ಕೈ ಹಚ್ಚು" ಎಂದರು. ಅಷ್ಟೇ.

ಗೋಳಗುಮ್ಮಟದ ರಸ್ತೆಯಿಂದ ಹಿಡಿದು ಪೇಟೆಯೆಲ್ಲ ಸುತ್ತಿದೆ. ನೂರು ವ್ಯಾಟಿನ ತಂತಿಯ ಬಲ್ಬು ಕೇಳಿದರೆ ಎಲ್ಲರೂ ಎಲ್.ಇ.ಡಿ. ತೋರಿಸಿದರು. ಅದು ಈ ಕೆಲಸಕ್ಕೆ ಬರುವುದಿಲ್ಲ. "ಕರೆಂಟ್ ತಿನ್ನೂ ಬಲ್ಬ್ ಯಾಕ ಬೇಕೋ?" ಎಂದ ಒಬ್ಬ ಅಂಗಡಿಯಾತ. "ತಿನ್ನಲಿ ಅಂತನಽ ಬೇಕು" ಎಂದು ವಿವರಿಸುವಷ್ಟರಲ್ಲಿ ಬೇರೆ ಗಿರಾಕಿಗೆ ತಿರುಗಿದ. ಕೊನೆಗೆ ಇನ್ನೊಬ್ಬ, "ತಿಕೋಟಾದ ಕಡೆ ಕೋಳಿಫಾರ್ಮಿನ್ಯಾಗ ಮರಿ ಕಾವಿಗೆ ಅವನ್ನಽ ಹಚ್ಚತಾರ, ಹೋಗಿ ನೋಡು" ಎಂದ.

ತಿಕೋಟಾ ಬಸ್ಸು ಹತ್ತಿದೆ. ಊರು ದಾಟಿ ಒಂದು ಹರದಾರಿ ನಡೆದರೆ ದ್ರಾಕ್ಷಿ ತೋಟದ ಮಗ್ಗುಲಿಗೆ ತಗಡಿನ ಶೆಡ್ಡು. ಒಳಗೆ ಸಾಲಾಗಿ ಬಲ್ಬುಗಳು, ಒಂದೊಂದರ ಕೆಳಗೆ ನೂರಾರು ಹಳದಿ ಮರಿಗಳು. ಮಾಲೀಕ ಹಣಮಂತಣ್ಣನಿಗೆ ಟಿ.ವಿ.ಯ ಕಥೆ ಹೇಳಿದೆ. ನಂಬಲಿಲ್ಲ.

"ಬಲ್ಬ್ ತಗೊಂಡು ಟಿ.ವಿ. ರಿಪೇರಿ ಮಾಡ್ತೀಯಾ? ಏನ್ ಕೆಲಸ ಮಾಡ್ತೀಯಪಾ ನೀ, ಖರೇ ಹೇಳು."

"ಮೆಕ್ಯಾನಿಕ್ ಅದೀನ್ರಿ. ದನಿನೂ ತಗೀತೀನಿ" ಎಂದೆ. ಬಾಯಿ ಬಿಟ್ಟ ಮೇಲೆ ಸುಮ್ಮನಿರುವುದು ನನ್ನ ಕೈಲಾಗದು, ಒಂದು ಹುಂಜ ಕೂಗಿ ತೋರಿಸಿದೆ. ಮರಿಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಒಂದೇ ಮೂಲೆಗೆ ಒತ್ತಿದವು. ಹಣಮಂತಣ್ಣ ಓಡಿ ಹೋಗಿ ಎರಡೂ ಕೈಯಿಂದ ಅವನ್ನು ಬಿಡಿಸುತ್ತ, "ಎರಡು ಬಲ್ಬ್ ಒಯ್ಯೋ ಮಾರಾಯಾ, ಬಾಯಿ ಮುಚ್ಚಿಕೊಂಡು ಒಯ್ಯಿ" ಎಂದ. ಹಾಗೆಯೇ ಒಯ್ದೆ. ಬಸ್ಸಿನಲ್ಲಿ ಎರಡೂ ಬಲ್ಬುಗಳನ್ನು ಅಂಗಿಯೊಳಗೆ ಎದೆಗೆ ಹಚ್ಚಿಕೊಂಡು ಕೂತಿದ್ದೆ. ಪಕ್ಕದ ಅಜ್ಜಿ ನನ್ನ ಎದೆಯನ್ನೂ ಮುಖವನ್ನೂ ನೋಡಿ ಸೀಟು ಬದಲಿಸಿದಳು.

ಇನ್ನು ಮೂರು ದಿನ ಉಳಿದಿದ್ದವು. ಮೊದಲಿಂದ ಶುರು ಮಾಡಿದೆ. ಬೆಸೆದ ಹನ್ನೊಂದನ್ನೂ ಬಿಡಿಸಿ, ಮತ್ತೆ ಹನ್ನೊಂದು ಹೊಸವನ್ನು ತಂದು, ಸಾಲಿ ಹುಡುಗನಂತೆ ವಹಿಯಲ್ಲಿ ಬೋರ್ಡಿನ ಚಿತ್ರ ಬರೆದು, ಪ್ರತಿಯೊಂದರ ಪ್ಲಸ್ಸು ಎಲ್ಲಿ ಎಂದು ಮೀಟರಿನಿಂದ ನೋಡಿ ಗುರುತು ಹಾಕಿದೆ. ಢಂ ಎಂದಾಗ ಸುಟ್ಟ ಫ್ಯೂಸನ್ನೂ ಒಂದು ರೆಸಿಸ್ಟರನ್ನೂ ಬದಲಿಸಿದೆ. ಆಮೇಲೆ ಒಂದು ಕೆಪ್ಯಾಸಿಟರ್ ಹಾಕುವುದು, ಬಲ್ಬಿನ ಮೂಲಕ ಕರೆಂಟು ಕೊಟ್ಟು ನೋಡುವುದು, ಆರಿಸಿ ಒಳಗಿನ ಕರೆಂಟು ಖಾಲಿ ಮಾಡಿ ಇನ್ನೊಂದು ಹಾಕುವುದು. ಒಂದಕ್ಕೆ ಅರ್ಧ ತಾಸು. ಫೋನು ರಿಂಗಾದರೆ ಎತ್ತಲಿಲ್ಲ. ಪಕ್ಕದ ಚಹಾದಂಗಡಿಯವರು, "ಯಾಕೋ, ಆರಾಮಿಲ್ಲೇನು? ಮುಂಜಾನಿಂದ ಯಾರ ದನಿನೂ ಇಲ್ಲ" ಎಂದು ಬಂದು ಇಣುಕಿ ಹೋದರು.

ಆರನೆಯದಕ್ಕೆ ಹೂಂಕಾರ ಅರ್ಧ ಇಳಿಯಿತು. ಒಂಬತ್ತನೆಯದಕ್ಕೆ ಪೂರ್ತಿ ನಿಂತಿತು, ಆದರೆ ಚಿತ್ರದ ಅಂಚು ಇನ್ನೂ ಹೊಯ್ದಾಡುತ್ತಿತ್ತು. ಹನ್ನೊಂದೂ ಮುಗಿದವು, ಹೊಯ್ದಾಟ ನಿಲ್ಲಲಿಲ್ಲ. ಎಂಟನೆಯ ದಿನ ಮಧ್ಯಾಹ್ನ. ಸಂಜೆ ಬಬಲೇಶ್ವರಕ್ಕೆ ಹೋಗಬೇಕು. ಉಸ್ತಾದರ ಕಡೆ ನೋಡಿದೆ. ಅವರು ಪೇಪರ್ ಓದುತ್ತಿದ್ದರು. ಪೇಪರು ಹಿಂದಿನ ದಿನದ್ದು.

ಕಿವಿಗೆ ಏನೂ ಕೇಳುತ್ತಿರಲಿಲ್ಲ, ಕಣ್ಣಿಗೆ ಹೊಯ್ದಾಟ ಕಾಣುತ್ತಿತ್ತು. ಅಂದರೆ ದೋಷ ದನಿಯ ಕಡೆ ಇಲ್ಲ, ಚಿತ್ರವನ್ನು ಅಡ್ಡ ಎಳೆಯುವ ಕಡೆ ಇದೆ. ಅಲ್ಲಿ ಉಬ್ಬಿಲ್ಲ, ಒಸರಿಲ್ಲ ಎಂದು ನಾನು ಬಿಟ್ಟಿದ್ದ ಒಂದು ಸಣ್ಣ ಕೆಪ್ಯಾಸಿಟರ್ ಇತ್ತು. ನೋಡಲು ಹೊಸದರಂತೆ ಫಳಫಳ. ಬಿಚ್ಚಿ ಅಳೆದೆ: ಒಳಗೆ ಏನೂ ಇರಲಿಲ್ಲ, ಬರೀ ಡಬ್ಬಿ. ಹನ್ನೆರಡನೆಯದನ್ನು ಹಾಕಿ ಸ್ವಿಚ್ಚು ಒತ್ತಿದೆ. ಬಲ್ಬು ಮಿಂಚಿ ಮಂಕಾಯಿತು. ಪರದೆಯ ಮೇಲೆ ಸುದ್ದಿ ಓದುವ ಹೆಣ್ಣುಮಗಳು ಅಲುಗಾಡದೆ ನಿಂತಳು.

ಉಸ್ತಾದರು ಪೇಪರು ಮಡಚಿಟ್ಟು, "ಟಂಟಂ ಕರಿ" ಎಂದರು.

ಬಬಲೇಶ್ವರದಲ್ಲಿ ಗುರುಬಾಯಿ ಟೇಬಲ್ಲಿಗೆ ಹೊಸ ಬಟ್ಟೆ ಹಾಸಿ ಕಾದಿದ್ದರು. ಈಗಿನ ಡಿಶ್ ಪೆಟ್ಟಿಗೆಯ ತಂತಿ ಇಂಥ ಸೆಟ್ಟಿಗೆ ಹೊಂದುವುದಿಲ್ಲ. ಕೇಬಲ್ ಕಾಲದ ಒಂದು ಸಣ್ಣ ಡಬ್ಬಿಯನ್ನು ನಡುವೆ ಜೋಡಿಸಿ ಹಚ್ಚಿದೆ. ಅವರು ಕಪ್ಪು ಕನ್ನಡಕ ತೆಗೆದರು. ಒಂದು ನಿಮಿಷ ನೋಡಿದರು, ಎರಡು ನಿಮಿಷ ನೋಡಿದರು. ಕಣ್ಣು ಒರೆಸಿಕೊಳ್ಳಲಿಲ್ಲ, ಕಿರಿದು ಮಾಡಲಿಲ್ಲ.

"ಚುಚ್ಚೂದಿಲ್ಲ" ಎಂದರು. ಆಮೇಲೆ ಉಸ್ತಾದರ ಕಡೆ ತಿರುಗಿ, "ಮೂರು ಮಂದಿ ನಕ್ಕಿದ್ರು. ನೀವೊಬ್ಬರಽ ನೋಡದಽ ಆಕ್ಕೈತಿ ಅಂದ್ರಿ. ನಿಮಗ ಹೆಂಗ ಗೊತ್ತಾತ್ರಿ?"

ಉಸ್ತಾದರು ನನ್ನ ಕಡೆ ನೋಡಿದರು. ಅವರು ಸುಳ್ಳು ಹೇಳುವವರಲ್ಲ, ನನ್ನನ್ನು ಹಿಡಿದು ಕೊಡುವವರೂ ಅಲ್ಲ.

"ಅವರು ಅಂದಿಲ್ರಿ" ಎಂದೆ. ನನ್ನ ಸ್ವಂತ ದನಿ ನನಗೇ ತೆಳ್ಳಗೆ ಕೇಳಿಸಿತು. "ಫೋನಿನ್ಯಾಗ ಮಾತಾಡಿದಾಂವ ನಾನು. ಅವರ ದನಿ ತಗದು ಹೇಳಿದ್ನಿ. ಆಕ್ಕೈತೋ ಇಲ್ಲೋ ನನಗ ಗೊತ್ತಿರಲಿಲ್ರಿ."

ಗುರುಬಾಯಿ ಟಿ.ವಿ.ಯ ದನಿ ಕಡಿಮೆ ಮಾಡಿ, ಸೂಜಿ ಚುಚ್ಚುವ ಮೊದಲು ನರ್ಸುಗಳು ನೋಡುವ ಹಾಗೆ ನನ್ನನ್ನು ನೋಡಿದರು.

"ಆಗದಽ ಹೋಗಿದ್ರ?"

"ಗೊತ್ತಿಲ್ರಿ."

"ರಿಪೇರಿ ಯಾರು ಮಾಡಿದ್ರು?"

"ಅಂವನಽ ಮಾಡ್ಯಾನ್ರಿ" ಎಂದರು ಉಸ್ತಾದರು. "ನಾ ಕೈ ಹಚ್ಚಿಲ್ಲ."

"ಹಂಗಾರ ನೀನಽ ಹೇಳು. ಯಾರ ದನಿನೂ ಬ್ಯಾಡ. ಇದು ಎಷ್ಟು ದಿನ ನಡೀತೈತಿ?"

ಗಿರಾಕಿಗೆ ಬಾಯಿಗೆ ಬಂದದ್ದು ಹೇಳಿ ಕಳಿಸುವುದು ನನ್ನ ಹದಿನಾರು ವರ್ಷಗಳ ಚಾಳಿ. ಹತ್ತು ವರ್ಷ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. "ನಾ ಹಾಕಿದ ಹನ್ನೆರಡು ಕೆಪ್ಯಾಸಿಟರ್ ಭಾಳ ದಿನ ನಡೀತಾವ್ರಿ. ಪಿಕ್ಚರ್ ಟ್ಯೂಬ್ ಮುದುಕ ಆಗೇತಿ. ಆರು ತಿಂಗಳಽ ಬಂದೀತು, ಆರು ವರ್ಷಽ ಬಂದೀತು. ಅದು ಹೋದ್ರ ನನ್ನ ಕೈಲೆ ಆಗೂದಿಲ್ರಿ."

"ಹೂಂ" ಎಂದರು. ಕ್ಯಾಲೆಂಡರಿನ ಹತ್ತಿರ ಹೋಗಿ ಪೆನ್ಸಿಲು ತೆಗೆದರು. "ನಾಕು ಸಾವಿರ ಕೂಸು ಹಡಿಸೀನಿ ಅನ್ನೂದಿಲ್ಲ, ಭಾಳ ಹಡಿಸೀನಿ. ಹಡಿಸಿದ ಮ್ಯಾಲ ತಿಂಗಳಿಗೊಮ್ಮೆ ಹೋಗಿ ನೋಡಿ ಬರತಿದ್ದೆ. ನೀನೂ ಬರಬೇಕು. ಯಾವ ವಾರ ಬರತಿ?"

ಉಸ್ತಾದರು ಗಡ್ಡ ಸವರುತ್ತ ಬೇರೆ ಕಡೆ ನೋಡಿದರು. ನಗುವಿಗೆ ಭುಜ ಅಲುಗುತ್ತಿತ್ತು.

"ತಿಂಗಳ ಮೊದಲನೇ ಸೋಮವಾರ ಬರತೀನ್ರಿ" ಎಂದೆ. ಅವರು ಅದನ್ನು ಗುಂಡಗೆ ಸುತ್ತು ಹಾಕಿ ಗುರುತು ಮಾಡಿದರು.

ರಂಜಾನಿಗೆ ಮೊದಲೇ ಅಂಗಡಿ ಮುಚ್ಚಿತು. ಉಸ್ತಾದರು ಮಗಳ ಮನೆಯಲ್ಲಿ ಆರಾಮಾಗಿದ್ದಾರೆ. ನಾನು ನಿವೃತ್ತ ಎಂದು ಹೇಳಿದೆನಲ್ಲ, ಅದರಲ್ಲಿ ಒಂದು ಸೋಮವಾರ ಬಿಟ್ಟು ಓದಿಕೊಳ್ಳಬೇಕು. ತಿಂಗಳಿಗೊಮ್ಮೆ ಮೀಟರು, ಬೆಸುಗೆಯ ಕಡ್ಡಿ, ಒಂದು ಬಲ್ಬು ಚೀಲದಲ್ಲಿ ಹಾಕಿಕೊಂಡು ಬಬಲೇಶ್ವರದ ಬಸ್ಸು ಹಿಡಿಯುತ್ತೇನೆ. ಅಂದು ಯಾರಾದರೂ ಮದುವೆಗೆ ಕರೆದರೆ ಬರುವುದಿಲ್ಲ ಎನ್ನುತ್ತೇನೆ. ಮೊನ್ನೆಯ ಸಲ ಚಿತ್ರ ಸ್ವಲ್ಪ ಮಸುಕಾಗಿತ್ತು. ಗುರುಬಾಯಿ ಕೇಳುವ ಮೊದಲೇ, ಪಿಕ್ಚರ್ ಟ್ಯೂಬ್ ಸೋಲತೊಡಗಿದೆ ಎಂದು ನನ್ನದೇ ದನಿಯಲ್ಲಿ ಹೇಳಿದೆ.